ಎರಡು ಬ್ರೇಕಿನ ಕಾರಿನಲ್ಲಿ ನಗರ ನೋಡಿದ್ದು

ನಾನು ಕಾರು ಓಡಿಸುವುದನ್ನು ಕಲಿಸಿ ಹೊಟ್ಟೆ ಹೊರೆಯುವವನು. ನಮ್ಮೂರಿನ ಅರ್ಧ ಜನ ಗೇರು ಹಾಕುವುದನ್ನು ನನ್ನಿಂದಲೇ ಕಲಿತಿದ್ದಾರೆ ಎಂದು ಎಲ್ಲರ ಹತ್ತಿರವೂ ಹೇಳುತ್ತಿರುತ್ತೇನೆ. ಉಳಿದರ್ಧ ಜನ ನನ್ನ ಅಂಗಡಿಯ ಎದುರು ಸಾಲಿನಲ್ಲಿರುವ ಇನ್ನೊಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತವರು. ಆ ಸ್ಕೂಲಿನವನಿಗೆ ನಾನು ಇಟ್ಟ ಹೆಸರು ‘ಎದುರಿನವನು’. ಅವನ ಶಿಷ್ಯರು ತಿರುವಿನಲ್ಲಿ ಕಾರು ತಿರುಗಿಸುವುದನ್ನು ನೋಡಿದರೇ ಸಾಕು, ಗುರುತು ಸಿಕ್ಕಿಬಿಡುತ್ತದೆ ಎಂದು ಬಡಾಯಿ ಕೊಚ್ಚುತ್ತಿದ್ದೆ.

ಮನೆಗೂ ಸ್ಕೂಲಿಗೂ ಸೇರಿ ನಮಗಿರುವುದು ಒಂದೇ ಕಾರು. ಅದರ ನೆತ್ತಿಯ ಮೇಲೆ ‘ಕಲಿಯುತ್ತಿದ್ದೇವೆ, ತಾಳ್ಮೆಯಿರಲಿ’ ಎಂಬ ಹಳದಿ ಫಲಕವಿದೆ. ನಾನೇ ಬೋಲ್ಟು ಹಾಕಿ ಬಿಗಿದದ್ದು. ಈಗ ಬಿಚ್ಚಲು ಹೋದರೆ ಕಾರಿನ ಚಾವಣಿಯೂ ಜೊತೆಗೇ ಬರುವಂತಿದೆ. ಒಳಗೆ, ಕಲಿಸುವವನು ಕೂರುವ ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ವಾರವಿಡೀ ಆ ಬ್ರೇಕು ನನ್ನದು. ಮನೆಮಂದಿಯ ಜೊತೆ ಹೊರಟ ದಿನ ಅದು ನನ್ನ ಹೆಂಡತಿಯದು. ಸ್ಟೀರಿಂಗ್ ಹಿಡಿಯುವವನು ನಾನು, ಕಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವಳು ಅವಳು. ನಮ್ಮ ಸಂಸಾರವೂ ಹೆಚ್ಚುಕಡಿಮೆ ಹೀಗೇ ಸಾಗುತ್ತಿತ್ತು. ಅದು ನನ್ನೊಬ್ಬನ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ.

ಮಗಳ ಶಾಲೆಗೆ ರಜೆ ಬಂದಿತ್ತು. ರಜೆಯ ಕಾಲಕ್ಕೆ ನಗರದವರು ಜನರನ್ನು ಸೆಳೆಯಲು ಏನೇನೋ ಹೂಡುತ್ತಾರೆ. ಈ ಸಲ ದೊಡ್ಡ ಚೌಕದಲ್ಲಿ ಮಂಜುಗಡ್ಡೆಯ ಅಂಗಳ ಮಾಡಿದ್ದಾರೆ, ಅದರ ಮೇಲೆ ಅಡಿಯಲ್ಲಿ ಅಲಗಿರುವ ಬೂಟು ಹಾಕಿಕೊಂಡು ಜಾರಬಹುದು ಎಂದು ಮಗಳು ಸುದ್ದಿ ತಂದಳು. ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಬೇರೆ ಆಸೆ. ದೊಡ್ಡ ಅಂಗಡಿಯೊಂದರ ಗಾಜಿನ ಹಿಂದೆ ಒಂದಿಡೀ ಪುಟಾಣಿ ಊರು ಕಟ್ಟಿ ಅದರೊಳಗೆ ಆಟದ ರೈಲು ಓಡಿಸುತ್ತಿದ್ದಾರಂತೆ, ಅದನ್ನು ನೋಡಬೇಕು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದೇ ಅವರಿಗೆ ಇಂದಿಗೂ ಸುಖ.

“ನಿಂಗೇನು ನೋಡ್ಬೇಕು?” ಎಂದು ಹೆಂಡತಿಯನ್ನು ಕೇಳಿದೆ. ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿದು ಕೊಡುತ್ತಾಳೆ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದಳು: “ನಂಗೆ ನೋಡೋಕೆ ಏನೂ ಬೇಡ. ಎಲ್ಲಾದ್ರೂ ಕೂತ್ಕೊಂಡು ಬೇರೆಯವರು ಮಾಡಿದ ಒಂದು ಕಪ್ ಟೀ ಕುಡೀಬೇಕು.” ದಾರ ಕತ್ತರಿಸುತ್ತಾ, “ರೈಲಲ್ಲಿ ಹೋಗೋಣ್ವಾ?” ಎಂದಳು.

“ಡ್ರೈವಿಂಗ್ ಸ್ಕೂಲಿನವನ ಮನೆಯವರೇ ರೈಲಲ್ಲಿ ಹೋದ್ರೆ ಜನ ಏನಂತಾರೆ?”

“ಜನ ಏನೂ ಅನ್ನಲ್ಲ ರೀ. ಅವರೂ ರೈಲಲ್ಲೇ ಇರ್ತಾರೆ.”

ಮಾತು ಸರಿಯಾಗಿತ್ತು. ಸರಿಯಾದ ಮಾತಿಗೆ ನಾನು ಯಾವಾಗಲೂ ಕೊಡುವ ಉತ್ತರವನ್ನೇ ಕೊಟ್ಟೆ: ಕಾರು ತೊಳೆಯಲು ಹೋದೆ.

ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕಟ್ಟಿಕೊಂಡು ಹೊರಟೆವು. ಹೆದ್ದಾರಿಯುದ್ದಕ್ಕೂ ನನ್ನ ಪಾಠ ನಡೆಯಿತು. ಮುಂದಿನ ಲಾರಿಯವನು ಮಾಡುವ ತಪ್ಪು, ಹಿಂದಿನ ಬಸ್ಸಿನವನು ಮಾಡಲಿರುವ ತಪ್ಪು, ಎಲ್ಲವನ್ನೂ ವಿವರಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆ ಹೋದರು. ಮಗಳು ಕಿವಿಗೆ ಏನೋ ಸಿಕ್ಕಿಸಿಕೊಂಡಳು. ಹೆಂಡತಿ ಮಾತ್ರ ಕೇಳುತ್ತಿದ್ದಳು. ಕೇಳುತ್ತಿದ್ದಳೆಂದು ಹೇಗೆ ಗೊತ್ತೆಂದರೆ, ನಾನು ಮಾತಿನ ಭರದಲ್ಲಿ ಮುಂದಿನ ಗಾಡಿಗೆ ಹತ್ತಿರವಾದಾಗಲೆಲ್ಲ ಕಾರು ತಾನಾಗಿಯೇ ನಿಧಾನವಾಗುತ್ತಿತ್ತು.

ನಗರದ ನಡುಮಧ್ಯೆ ಬಹುಮಹಡಿಯ ಪಾರ್ಕಿಂಗ್ ಕಟ್ಟಡವೊಂದಿತ್ತು. ಒಳಗೆ ಹೊಕ್ಕರೆ ಶಂಖದ ಹಾಗೆ ಸುತ್ತಿಕೊಂಡು ಮೇಲೇರುವ ಇಕ್ಕಟ್ಟಾದ ದಾರಿ. ಪ್ರತಿ ಮಹಡಿಯ ಬಾಯಲ್ಲೂ ‘ಭರ್ತಿ’ ಎಂಬ ಕೆಂಪು ದೀಪ. ಇಡೀ ನಾಡೇ ಅಂದು ಮಕ್ಕಳನ್ನು ಕಟ್ಟಿಕೊಂಡು ಬಂದಿತ್ತೆಂದು ಕಾಣುತ್ತದೆ. ಕಾರುಗಳು ಒಂದರ ಬಾಲ ಇನ್ನೊಂದು ಹಿಡಿದು ಏರಿನಲ್ಲಿ ನಿಂತುಬಿಟ್ಟಿದ್ದವು.

ಏರಿನಲ್ಲಿ ನಿಂತ ಕಾರನ್ನು ಒಂದಿಂಚೂ ಹಿಂದೆ ಜಾರದಂತೆ ಎತ್ತುವುದು ನನ್ನ ಹೆಗ್ಗಳಿಕೆಯ ಪಾಠ. ಅದಕ್ಕಾಗಿಯೇ ಊರಾಚೆಯ ದಿಬ್ಬಕ್ಕೆ ಶಿಷ್ಯರನ್ನು ಕರೆದೊಯ್ದು ಕಣ್ಣೀರು ಹಾಕಿಸುತ್ತೇನೆ. “ಪುಟ್ಟಿ, ನೋಡ್ಕೋ ಈಗ,” ಎಂದು ಮಗಳ ಭುಜ ತಟ್ಟಿದೆ. ಮುಂದಿನ ಕಾರು ಸರಿಯಿತು. ನಾನು ಕ್ಲಚ್ಚನ್ನು ನಯವಾಗಿ ಬಿಡುತ್ತಾ ಬಂದೆ. ಅದೇ ಗಳಿಗೆಯಲ್ಲಿ, ಮುಂದಿನವನು ತಟ್ಟನೆ ನಿಂತದ್ದನ್ನು ನನಗಿಂತ ಮೊದಲು ಕಂಡ ಹೆಂಡತಿ ತನ್ನ ಬ್ರೇಕು ಒತ್ತಿದಳು. ಕಾರು ಗಕ್ಕೆಂದು ಕೆಮ್ಮಿತು, ಎಂಜಿನ್ ಆರಿಹೋಯಿತು.

“ಯಾಕೆ ಒತ್ತಿದೆ?”

“ಗುದ್ದುತ್ತಿದ್ರಿ.”

“ನಾನಾ? ಗುದ್ದೋದಾ?” ಎಂದು ಅವಳ ಕಡೆ ತಿರುಗಿಯೇ ಮತ್ತೆ ಶುರು ಮಾಡಿದೆ. ಶಿಷ್ಯರಿಗೆ ಖಡಾಖಂಡಿತವಾಗಿ ಬೇಡವೆನ್ನುವ ಕೆಲಸವೇ ಅದು. ಕಾರು ಮತ್ತೆ ಆರಿತು. ಮೂರನೆಯ ಸಲ ಕಾರು ಮುಂದೆ ಹೋಗುವ ಬದಲು ಮೆಲ್ಲಗೆ ಹಿಂದೆ ಸರಿದು, ಹಿಂದಿದ್ದ ದೊಡ್ಡ ಕಾರಿನ ಮೂತಿಗೆ ತಾಗಿ ನಿಂತಿತು. ಟಪ್ ಎಂಬ ಸಣ್ಣ ಸದ್ದು, ಆದರೆ ನನ್ನ ಬೆನ್ನುಹುರಿಯುದ್ದಕ್ಕೂ ಕೇಳಿಸಿತು.

ದೊಡ್ಡ ಕಾರಿನಿಂದ ದಪ್ಪ ಮೀಸೆಯವರೊಬ್ಬರು ಇಳಿದು ಬಂದರು. ಎರಡೂ ಕಾರಿನ ನಡುವೆ ಬಗ್ಗಿ ನೋಡಿದರು, ನಮ್ಮ ನೆತ್ತಿಯ ಫಲಕ ಓದಿದರು, ಸ್ಟೀರಿಂಗ್ ಹಿಡಿದು ಬೆವರುತ್ತಿದ್ದ ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಆ ಕಡೆಯ ಕಿಟಕಿಗೆ ಹೋಗಿ ನನ್ನ ಹೆಂಡತಿಯನ್ನು ಮಾತಾಡಿಸಿದರು.

“ಮೇಡಂ, ಕಲಿಸೋರು ನೀವಾದ್ರೂ ಯೋಚನೆ ಮಾಡ್ಬೇಡ್ವಾ? ಕ್ಲಚ್ ಬಿಡೋಕೇ ಬರದೋರನ್ನ ಇಂಥಾ ಏರಿಗೆ ಕರ್ಕೊಂಡು ಬರೋದಾ? ಅದೂ ರಜಾ ದಿನ?”

ನಾನು ಬಾಯಿ ತೆರೆದೆ. ಹೆಂಡತಿ ಅಂಗೈ ಎತ್ತಿ ನನ್ನನ್ನು ತಡೆದಳು. ಶಿಷ್ಯರನ್ನು ನಾನು ತಡೆಯುವುದು ಥೇಟ್ ಹಾಗೆಯೇ.

“ತಪ್ಪಾಯ್ತು ಸರ್,” ಎಂದಳು ತಣ್ಣಗೆ. “ಇವರು ಸ್ವಲ್ಪ ವಯಸ್ಸಾದ ಮೇಲೆ ಕಲಿಯೋಕೆ ಬಂದಿದ್ದಾರೆ. ಹೇಳಿದ್ದು ತಲೆಗೆ ಹೋಗೋದು ನಿಧಾನ.”

ಅವರ ಮುಖದ ಸಿಟ್ಟು ಇಳಿದು ಅಲ್ಲಿ ಕನಿಕರ ಬಂದು ಕೂತಿತು. ಸಿಟ್ಟೇ ಎಷ್ಟೋ ವಾಸಿಯಿತ್ತು. ಬಗ್ಗಿ ನನಗೆ ಹೇಳಿದರು: “ಹೆದರ್ಕೋಬೇಡಿ ಯಜಮಾನ್ರೇ. ನಂಗೂ ಮೊದಮೊದಲು ಹೀಗೇ ಆಗ್ತಿತ್ತು. ಕಾರಿಗೆ ಏನೂ ಆಗಿಲ್ಲ. ಮೇಡಂ ಹೇಳಿದ ಹಾಗೆ ಕೇಳಿ, ಬರುತ್ತೆ.”

ಹಿಂದಿನ ಸೀಟಿನಲ್ಲಿ ಅತ್ತೆಯ ಕಡೆಯಿಂದ ನೀರು ಕಾಯಲು ಇಟ್ಟ ಪಾತ್ರೆಯ ಮುಚ್ಚಳ ಅಲುಗಿದಂಥ ಸದ್ದು ಬಂತು. ಮಗಳು ಬಾಯಿಗೆ ಬ್ಯಾಗು ಒತ್ತಿಕೊಂಡಿದ್ದಳು.

“ಸರಿ, ಶುರು ಮಾಡೋಣ,” ಎಂದಳು ಹೆಂಡತಿ. “ಮೊದಲು ಉಸಿರು ಬಿಡಿ. ಕಾರಿಗೆ ಅವಸರ ಇಲ್ಲ, ಅವಸರ ಇರೋದು ನಿಮಗೆ. ಕೈಬ್ರೇಕ್ ಎಳ್ಕೊಳ್ಳಿ. ಕ್ಲಚ್ ಬಿಡ್ತಾ ಬನ್ನಿ… ಕಾರಿನ ಮೂತಿ ಸ್ವಲ್ಪ ಏಳುತ್ತೆ, ಗೊತ್ತಾಯ್ತಾ? ಆಗ ಕೈಬ್ರೇಕ್ ಇಳಿಸಿ.”

ಎಲ್ಲವೂ ನನ್ನದೇ ಮಾತು, ಅಕ್ಷರಕ್ಕೆ ಅಕ್ಷರ. ಒಂದೇ ವ್ಯತ್ಯಾಸವೆಂದರೆ ಅವಳು ಕೂಗಲಿಲ್ಲ. ಆ ಮೀಸೆಯವರು ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದರು. ಬೇರೆ ದಾರಿಯಿರಲಿಲ್ಲ, ಹೇಳಿದಂತೆ ಮಾಡಿದೆ. ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. “ಭೇಷ್ ಯಜಮಾನ್ರೇ!” ಎಂದು ಅವರು ಹಿಂದಿನಿಂದ ಚಪ್ಪಾಳೆ ತಟ್ಟಿದರು. ನಾನು ಇಷ್ಟು ವರ್ಷ ಎಷ್ಟೋ ಜನರಿಗೆ ಕಲಿಸಿದ್ದೇನೆ, ಒಬ್ಬರಿಗೂ ಹಾಗೆ ಚಪ್ಪಾಳೆ ತಟ್ಟಿದ ನೆನಪಿಲ್ಲ.

ಕಟ್ಟಡದ ತುತ್ತತುದಿಯಲ್ಲಿ, ಬಿಸಿಲಿನಲ್ಲಿ ಜಾಗ ಸಿಕ್ಕಿತು. ಕಾರಿನಿಂದಿಳಿದ ಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಅತ್ತೆ ಮಾತ್ರ ಲಿಫ್ಟಿನಲ್ಲಿ ನನಗೆ ಬಾಳೆಹಣ್ಣು ಕೊಟ್ಟು, “ತಿನ್ನಿ ಅಳಿಯಂದ್ರೇ, ಕಲಿಯೋರಿಗೆ ಹಸಿವು ಜಾಸ್ತಿ,” ಎಂದರು.

ಆಟದ ರೈಲು ನಿಜಕ್ಕೂ ಚೆನ್ನಾಗಿತ್ತು. ಅಂಗೈಯಷ್ಟು ಸೇತುವೆ, ಉಗುರಿನಷ್ಟು ಪ್ರಯಾಣಿಕರು, ಕಡ್ಡಿಯಷ್ಟು ಗಾತ್ರದ ಸಿಗ್ನಲ್ಲು. ಅತ್ತೆ ಗಾಜಿಗೆ ಮೂಗು ಹಚ್ಚಿ ನಿಂತವರು ಅಲ್ಲಾಡಲಿಲ್ಲ. ನಾನು ಬೆಳಿಗ್ಗೆ ಹೋದ ಮಾನವನ್ನು ಸ್ವಲ್ಪ ವಾಪಸು ಪಡೆಯೋಣವೆಂದು, ಸಿಗ್ನಲ್ಲು ಹೇಗೆ ಕೆಲಸ ಮಾಡುತ್ತದೆ ಎಂದು ಗಟ್ಟಿಯಾಗಿ ವಿವರಿಸತೊಡಗಿದೆ. “ಕೆಂಪು ಬಿದ್ದರೆ ರೈಲು ನಿಲ್ಲುತ್ತೆ ನೋಡಿ,” ಎನ್ನುವಷ್ಟರಲ್ಲಿ ರೈಲು ಕೆಂಪು ದೀಪವನ್ನು ದಾಟಿಕೊಂಡು ಕೂ ಎಂದು ಹೋಯಿತು. ಅತ್ತೆ ನನ್ನತ್ತ ತಿರುಗಿಯೂ ನೋಡದೆ, “ಅದೂ ನಿಮ್ಮ ಹತ್ರ ಕಲಿತದ್ದಾ?” ಎಂದು ಕೇಳಿದರು.

ಟೀ ಅಂಗಡಿಯೊಂದರ ಮುಂದೆ ಹೆಂಡತಿಯ ನಡಿಗೆ ನಿಧಾನವಾಯಿತು. “ಮೊದಲು ಐಸು, ಆಮೇಲೆ ಟೀ,” ಎಂದೆ. ದಿನದ ಕಾರ್ಯಕ್ರಮ ನನ್ನ ಕೈಯಲ್ಲಿದೆ ಎಂದು ಎಲ್ಲಾದರೂ ಒಂದು ಕಡೆ ತೋರಿಸಬೇಕಿತ್ತಲ್ಲ.

ಚೌಕದ ಮಂಜುಗಡ್ಡೆಯ ಅಂಗಳದಲ್ಲಿ ಮಕ್ಕಳು ಮೀನಿನ ಹಾಗೆ ಸುಳಿಯುತ್ತಿದ್ದರು. ನಡುವೆ ಆಳೆತ್ತರದ ಪೆಂಗ್ವಿನ್ ವೇಷವೊಂದು ಬೀಳುವವರನ್ನು ಹಿಡಿಯುತ್ತಾ ಓಡಾಡುತ್ತಿತ್ತು. ಮಗಳು ಬೂಟು ಕಟ್ಟಿಕೊಂಡು ಇಳಿದು, ಕಟಕಟೆ ಹಿಡಿದು, ಎರಡು ಸಲ ಬಿದ್ದು, ಮೂರನೆಯ ಸಲ ನಗುತ್ತಾ ಕೈಬಿಟ್ಟು ಹೋದಳು. ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು.

“ನಾನೂ ಇಳೀತೀನಿ.”

“ಬೇಡ ರೀ,” ಎಂದಳು ಹೆಂಡತಿ.

“ಜಾರು ರಸ್ತೇಲಿ ಏನು ಮಾಡ್ಬೇಕು ಅಂತ ಊರಿಗೆಲ್ಲ ಹೇಳಿಕೊಡೋನು ನಾನು. ಸೂತ್ರ ಒಂದೇ. ಗಾಬರಿಯಾಗಬಾರದು, ಬ್ರೇಕ್ ಒತ್ತಬಾರದು, ಹೋಗಬೇಕಾದ ಕಡೆ ನೋಡ್ಬೇಕು.”

ಇಳಿದೆ. ಮೊದಲ ಕೆಲವು ಗಜ ನಾನು ಹೋದದ್ದಲ್ಲ, ನೆಲವೇ ನನ್ನ ಕೆಳಗಿನಿಂದ ಹೋಯಿತು. ಗಾಬರಿಯಾದೆ. ಹೋಗಬೇಕಾದ ಕಡೆ ನೋಡುವ ಬದಲು ಪಾದ ನೋಡಿಕೊಂಡೆ. ಬಲಗಾಲು ತಾನಾಗಿಯೇ ಮುಂದೆ ಚಾಚಿ, ಅಲ್ಲಿ ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿತು. ಆಮೇಲಿನದನ್ನು ಮಗಳು ಹೇಳಿ ಗೊತ್ತು. ನಾನು ಕುರ್ಚಿಯಲ್ಲಿ ಕೂತ ಭಂಗಿಯಲ್ಲೇ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಂತೆ ಮುಂದೆ ಚಾಚಿ, ನೇರವಾಗಿ ಪೆಂಗ್ವಿನ್ನಿನ ಹೊಟ್ಟೆಗೆ ಹೋಗಿ ಹೊಡೆದೆನಂತೆ. ಇಬ್ಬರೂ ಒಟ್ಟಿಗೆ ಉರುಳಿದೆವು. ಪೆಂಗ್ವಿನ್ನಿನ ತಲೆ ಕಳಚಿ ಉರುಳಿಕೊಂಡು ಹೋಯಿತು. ನಾಲ್ಕಾರು ಚಿಕ್ಕ ಮಕ್ಕಳು ಕಿಟಾರನೆ ಕಿರುಚಿದರು. ಒಳಗಿದ್ದದ್ದು ಬೆವರಿ ತೊಪ್ಪೆಯಾಗಿದ್ದ ಒಬ್ಬ ಕಾಲೇಜು ಹುಡುಗಿ.

“ಅಂಕಲ್, ನನ್ನ ರೆಕ್ಕೆ ಬಿಡಿ,” ಎಂದಳು ವಿನಯದಿಂದ. “ನೀವು ಬಿಟ್ರೆ ನಾನು ಏಳ್ತೀನಿ. ನಾನೆದ್ರೆ ನಿಮ್ಮನ್ನ ಎಬ್ಬಿಸ್ತೀನಿ.”

ಏಳಲು ಹೋದಾಗ ಬಲಗಾಲಿನ ಹರಡಿನ ನೋವು ಪಾದವನ್ನು ನೆಲಕ್ಕೆ ಊರಗೊಡಲಿಲ್ಲ. ಪಕ್ಕದ ಡೇರೆಯಲ್ಲಿ ಪ್ರಥಮ ಚಿಕಿತ್ಸೆಯ ನರ್ಸ್ ಇದ್ದರು. ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದ ಕಾಲನ್ನು ಒತ್ತಿ, ತಿರುಗಿಸಿ ನೋಡಿ, “ಮೂಳೆ ಮುರಿದಿಲ್ಲ. ಉಳುಕಿದೆ, ಜೋರಾಗೇ ಉಳುಕಿದೆ,” ಎಂದು ಪಟ್ಟಿ ಸುತ್ತಿದರು. “ಕೆಲವು ವಾರ ಈ ಕಾಲಲ್ಲಿ ಏನೂ ಒತ್ತಬಾರದು. ಕಾರು ಗೀರು ಓಡಿಸ್ಬೇಡಿ.”

“ನಾನು ಕಾರು ಕಲಿಸೋನು ಸಿಸ್ಟರ್.”

“ಕಲಿಸಲೂಬೇಡಿ.”

ಡೇರೆಯ ಹೊರಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಕಟ್ಟಡದ ನೆತ್ತಿಯ ಮೇಲೆ ಕಾರು, ಇಲ್ಲಿ ಕೆಳಗೆ ನಾನು. ತಲೆ ಗಿರಗಿರ ಓಡಿತು. ಕಾರನ್ನು ಇಲ್ಲೇ ಬಿಟ್ಟು ರೈಲಿನಲ್ಲಿ ಹೋಗುವುದೇ? ಊರಿನಿಂದ ಹಳೆಯ ಶಿಷ್ಯರನ್ನು ಯಾರನ್ನಾದರೂ ಕರೆಸುವುದೇ? ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಆ ಶಂಖದ ದಾರಿಯಲ್ಲಿ ಕಾರು ಇಳಿಸಬಲ್ಲನೆಂದು ನಂಬಬಹುದಾದ ಒಬ್ಬನೂ ನೆನಪಾಗಲಿಲ್ಲ. ಅವರೆಲ್ಲ ನನ್ನಿಂದಲೇ ಕಲಿತವರು ಎಂಬುದು ಆಗ ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದೆ.

ಇತ್ತ ಹೆಂಡತಿ ಬೀದಿಯಾಚೆಯ ಅಂಗಡಿಯಿಂದ ಟೀ ತಂದು ನನ್ನ ಪಕ್ಕದಲ್ಲೇ ಕೂತಿದ್ದಳು. ಎರಡೂ ಕೈಯಲ್ಲಿ ಲೋಟ ಹಿಡಿದು ಒಂದೊಂದೇ ಗುಟುಕು ಸವಿಯುತ್ತಾ, ಜಾರುವ ಮಕ್ಕಳನ್ನು ನೋಡುತ್ತಾ, ನನ್ನ ಯೋಜನೆಗಳನ್ನೆಲ್ಲ ಕೇಳಿಸಿಕೊಂಡಳು. ಲೋಟ ಬರಿದಾದ ಮೇಲೆ ಕೈ ಚಾಚಿದಳು.

“ಕೀ ಕೊಡಿ.”

“ಯಾಕೆ?”

“ಮನೆಗೆ ಹೋಗ್ಬೇಕಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ. ಪರ್ಸಿನಿಂದ ಒಂದು ಕಾರ್ಡು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಡ್ರೈವಿಂಗ್ ಲೈಸೆನ್ಸು. ಫೋಟೋದಲ್ಲಿ ನನ್ನ ಹೆಂಡತಿ. ಲೈಸೆನ್ಸು ಬಂದು ಮೂರು ವರ್ಷವಾಗಿತ್ತು.

“ಇದು… ಯಾರ ಹತ್ರ ಕಲಿತೆ?” ಎಂದೆ.

“ಎದುರಿನವರ ಹತ್ರ.”

“ಎದುರಿನವನ ಹತ್ರವಾ!”

“ಮತ್ತೇನು ಮಾಡ್ಲಿ? ಮದುವೆಯಾದ ಹೊಸತರಲ್ಲಿ ನೀವು ಒಂದೇ ಒಂದು ದಿನ ಕಲಿಸಿದ್ರಿ. ಕೂಗಾಡಿದ ರಭಸಕ್ಕೆ ನಾನು ಕಾರನ್ನ ಅಲ್ಲೇ ಬಿಟ್ಟು ನಡ್ಕೊಂಡು ಮನೆಗೆ ಬಂದೆ. ನಿಮ್ಮ ಹತ್ರ ಪೂರ್ತಿ ಕಲೀತೀನಿ ಅಂತ ಕೂತಿದ್ರೆ ಲೈಸೆನ್ಸ್ ಬರ್ತಿತ್ತೋ ಏನೋ, ಸಂಸಾರ ಉಳೀತಿರ್ಲಿಲ್ಲ.”

“ಯಾವಾಗ ಹೋಗ್ತಿದ್ದೆ?”

“ನೂಲು ತರೋಕೆ ಹೋಗ್ತಿದ್ದೆನಲ್ಲ, ಆಗ.”

ಆ ದಿನಗಳಲ್ಲಿ ಮನೆಯಲ್ಲಿ ಅಷ್ಟೊಂದು ನೂಲು ಖರ್ಚಾಗುತ್ತಿದ್ದುದು ಏಕೆಂದು ನಾನು ಒಮ್ಮೆಯಾದರೂ ಕೇಳಿದ್ದರೆ! ಅತ್ತೆಯ ಕಡೆ ನೋಡಿದೆ. ಅವರು ತುಂಬ ಆಸಕ್ತಿಯಿಂದ ಆಕಾಶ ನೋಡುತ್ತಿದ್ದರು.

“ಅತ್ತೆ, ನಿಮಗೂ ಗೊತ್ತಿತ್ತಾ?”

“ಎಕ್ಸ್‌ಚೇಂಜಿನಲ್ಲಿ ಇದ್ದೋಳು ನಾನು. ಎಲ್ಲಾ ಕೇಳಿಸಿಕೊಳ್ಳೋದು, ಯಾರಿಗೂ ಹೇಳದೆ ಇರೋದು, ಅದಕ್ಕೇ ಅಲ್ವಾ ಸಂಬಳ ಕೊಟ್ಟದ್ದು?”

“ಪುಟ್ಟಿ, ನಿಂಗೆ?”

“ಅಪ್ಪಾ,” ಎಂದಳು ಮಗಳು, ಬೂಟು ಬಿಚ್ಚುತ್ತಾ, “ನಿಮ್ಮೊಬ್ಬರಿಗೇ ಗೊತ್ತಿರ್ಲಿಲ್ಲ.”

ಕುಂಟುತ್ತಾ ಹೋಗಿ ಕಾರಿನ ಪಕ್ಕದ ಸೀಟಿನಲ್ಲಿ ಕೂತೆ. ಅದು ನನ್ನ ಅಭ್ಯಾಸದ ಜಾಗ, ಗುರುವಿನ ಜಾಗ. ಅವಳು ಸೀಟು ಮುಂದೆಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ನನ್ನ ಶಿಷ್ಯರು ಮರೆಯುವ ಎಡಬದಿಯ ಕನ್ನಡಿಯನ್ನೂ ಸರಿಮಾಡಿಕೊಂಡಳು. ಕಾರು ಸುತ್ತು ದಾರಿ ಇಳಿಯತೊಡಗಿತು. ಗೋಡೆ ನನ್ನ ಕಡೆಗೆ ಬರುತ್ತಿದೆ ಅನ್ನಿಸಿ ಬ್ರೇಕು ತುಳಿದೆ. ಕಾರು ನಿಲ್ಲಲಿಲ್ಲ, ಅಷ್ಟು ಬಲ ಆ ಕಾಲಿಗಿರಲಿಲ್ಲ. “ಅಯ್ಯಯ್ಯೋ” ಎಂಬ ನನ್ನ ಕೂಗು ಮಾತ್ರ ಇಡೀ ಕಟ್ಟಡದಲ್ಲಿ ಮೊಳಗಿತು. ಮುಂದಿನ ತಿರುವಿನಲ್ಲಿ ಮತ್ತೆ ತುಳಿದೆ. ಮತ್ತೆ ಕೂಗಿದೆ.

ಅವಳು ಕೆಳಗಿನ ಮಹಡಿಯಲ್ಲಿ ಕಾರನ್ನು ಒಂದು ಬದಿಗೆ ನಿಲ್ಲಿಸಿದಳು.

“ರೀ, ಹಿಂದೆ ಹೋಗಿ ಕೂತ್ಕೊಳ್ಳಿ.”

“ಆದ್ರೆ ಪಕ್ಕದಲ್ಲಿ ಒಬ್ಬರು ಇರ್ಬೇಕಲ್ಲ…”

“ಪುಟ್ಟಿ ಬರ್ತಾಳೆ. ಅವಳು ಏನನ್ನೂ ತುಳಿಯಲ್ಲ.”

ಹಿಂದೆ ಅತ್ತೆಯ ಪಕ್ಕದಲ್ಲಿ ಕೂತೆ. ಅವರು ನನ್ನ ಕಾಲಡಿಗೆ ತಮ್ಮ ಶಾಲು ಮಡಚಿಟ್ಟರು. ಇಷ್ಟು ವರ್ಷಗಳಲ್ಲಿ ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅಲ್ಲಿ ಮೊಣಕಾಲಿಗೆ ಜಾಗವಿಲ್ಲ, ಒಂದು ಕಿಟಕಿ ಪೂರ್ತಿ ಇಳಿಯುವುದಿಲ್ಲ ಎಂಬುದೂ ಅಂದೇ ಗೊತ್ತಾಯಿತು.

ಸಂಜೆಯಾಗುತ್ತಾ ಬಂದಿತ್ತು. ಬೀದಿಗಳಲ್ಲಿ ರಜೆಗೆಂದು ಕಟ್ಟಿದ್ದ ದೀಪಗಳು ಹೊತ್ತಿಕೊಂಡವು. ಮರದಿಂದ ಮರಕ್ಕೆ ಬಲೆಯಂತೆ ನೇತುಬಿದ್ದ ನೀಲಿ ದೀಪ, ನದಿಯ ಸೇತುವೆಯ ಕಂಬಕಂಬಕ್ಕೂ ಸುತ್ತಿದ ಹಳದಿ ದೀಪ, ನೀರಿನಲ್ಲಿ ಮತ್ತೊಂದು ಸೇತುವೆ. ನಾನು ಹೀಗೆ ಏನನ್ನಾದರೂ ಸುಮ್ಮನೆ ನೋಡುತ್ತಾ ಕೂತು ಎಷ್ಟು ಕಾಲವಾಗಿತ್ತೋ! ಕಾರಿನಲ್ಲಿ ಕೂತರೆ ನನಗೆ ಕಾಣುತ್ತಿದ್ದುದು ಬೇರೆಯವರ ತಪ್ಪುಗಳು ಮಾತ್ರ. “ಅಲ್ಲಿ ನೋಡಿ ಅಳಿಯಂದ್ರೇ,” ಎಂದು ಅತ್ತೆ ತೋರಿಸಿದ ಕಡೆಗೆಲ್ಲ ನೋಡಿದೆ. ಮುಂದೆ ಅಮ್ಮ ಮಗಳು ಏನೋ ಮಾತಾಡಿಕೊಂಡು ನಗುತ್ತಿದ್ದರು. ಎಲ್ಲೂ ಜರ್ಕು ಹೊಡೆಯಲಿಲ್ಲ. ಹೆದ್ದಾರಿ ಮುಟ್ಟುವ ಮುಂಚೆಯೇ ನಾನು ಬಾಯಿ ತೆರೆದು ನಿದ್ದೆ ಹೊಡೆದೆನಂತೆ. ಅದರ ಫೋಟೋ ಮಗಳ ಬಳಿ ಇದೆ.

ಎರಡು ದಿನ ಕಳೆದು ಎದುರಿನವರು ಕಿತ್ತಳೆ ಹಣ್ಣು ಹಿಡಿದು ನನ್ನನ್ನು ನೋಡಲು ಬಂದರು. ಏಕವಚನ ಬಿಟ್ಟಿದ್ದನ್ನು ನೀವು ಗಮನಿಸಿರಬಹುದು. ಕಾಲು ವಾಸಿಯಾಗುವವರೆಗೆ ನನ್ನ ಶಿಷ್ಯರಿಗೆ ತಾವೇ ಪಾಠ ನಡೆಸಿಕೊಟ್ಟು, ಆಮೇಲೆ ವಾಪಸು ಕಳಿಸುವುದಾಗಿ ಹೇಳಿದರು. ಧನ್ಯವಾದ ಹೇಳುವುದು ನನಗೆ ಏರಿನಲ್ಲಿ ಕಾರು ಎತ್ತಿದಷ್ಟೇ ಕಷ್ಟವಾಯಿತು.

“ನಿಮ್ಮನೆಯವರಿಗೆ ನಾನು ಹೆಚ್ಚೇನೂ ಕಲಿಸಲಿಲ್ಲ ಸರ್,” ಎಂದರು ಅವರು ಹೊರಡುವಾಗ. “ಮೊದಲ ದಿನವೇ ಎಲ್ಲಾ ಬಾಯಿಪಾಠ ಬರ್ತಿತ್ತು. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ, ಮನೆಯಲ್ಲಿ ಊಟದ ಹೊತ್ತಿಗೆ ದಿನಾ ಇದೇ ಮಾತು ಅಂದ್ರು. ಆ ‘ಕಾರಿಗೆ ಅವಸರ ಇಲ್ಲ’ ಅನ್ನೋದು ನಿಮ್ಮದಂತೆ. ಬೇಜಾರು ಮಾಡ್ಕೋಬೇಡಿ, ಈಗ ನಾನೂ ಅದನ್ನೇ ಹೇಳ್ತೀನಿ.”

ಹೊಗಳಿದರೋ ಕದ್ದೆ ಎಂದು ಒಪ್ಪಿಕೊಂಡರೋ ತಿಳಿಯಲಿಲ್ಲ. ಎರಡೂ ಹಿತವಾಗಿಯೇ ಇತ್ತು.

ಕಾಲು ಈಗ ಸರಿಹೋಗಿದೆ, ಶಿಷ್ಯರೂ ಮರಳಿದ್ದಾರೆ. ಎಲ್ಲರೂ ಅಲ್ಲ, ಇಬ್ಬರು ಅಲ್ಲೇ ಉಳಿದುಕೊಂಡರು, ಕೇಳಿದರೆ ಅಲ್ಲಿ ಯಾರೂ ಕೂಗುವುದಿಲ್ಲ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ ಎಂದರಂತೆ. ವಾರಕ್ಕೊಂದು ದಿನ ಕಾರು ಹೆಂಡತಿಯದು. ಹೊಲಿದ ಪರದೆಗಳನ್ನು ಹಿಂದಿನ ಸೀಟಿನ ತುಂಬ ಹೇರಿಕೊಂಡು ಮನೆಮನೆಗೆ ಮುಟ್ಟಿಸಿ ಬರುತ್ತಾಳೆ. ಆ ದಿನ ಬರುವ ಶಿಷ್ಯರನ್ನು ಅಂಗಡಿಯಲ್ಲಿ ಕುರ್ಚಿ ಹಾಕಿ ಕೂರಿಸಿ ರಸ್ತೆ ಚಿಹ್ನೆಗಳ ಪಾಠ ಮಾಡುತ್ತೇನೆ. ಮೊನ್ನೆ ಹೊಸದಾಗಿ ಸೇರಿದ ಬ್ಯಾಂಕಿನ ಗುಮಾಸ್ತರೊಬ್ಬರು ಚಿಹ್ನೆಗಳನ್ನು ನೋಡಿ ನೋಡಿ ಬೇಸತ್ತು, “ಸರ್, ಕಾರಲ್ಲಿ ಕೂರೋದು ಯಾವಾಗ?” ಎಂದು ಕೇಳಿದರು.

“ಮೇಡಂ ಬರ್ಲಿ,” ಎಂದೆ.